ವೆಸ್ಲಿಯ ಆರು ನಿಯಮ ಸಭೆಯ ವಾಟ್ಸಾಪ್ ಗುಂಪಿಗೆ ಒಗ್ಗುತ್ತವಾ?

ಹಿಂದಿನ_ಬೆಂಚು (ಮೈಸೂರು)

ನಮ್ಮ ಚರ್ಚಿನ ಸಭೆಯ ವಾಟ್ಸಾಪ್ ಗುಂಪಿಗೆ ನಾನೂ ಒಬ್ಬ ಅಡ್ಮಿನ್. ಯಾರೂ ಹೊಟ್ಟೆಕಿಚ್ಚು ಪಡಬೇಡಿ. ಬೆಳಗಾದರೆ ಯಾರ ಮೆಸೇಜ್ ತೆಗೀಬೇಕು, ಯಾರಿಗೆ ಫೋನ್ ಮಾಡಿ ಸಮಾಧಾನ ಹೇಳಬೇಕು ಅನ್ನೋದೇ ಕೆಲಸ. ಈ ಸಲ ಸುಗ್ಗಿ ಹಬ್ಬದ ಹರಾಜಿನ ಲೆಕ್ಕದಿಂದ ಶುರುವಾಯಿತು. ಬಾಳೆಗೊನೆಯ ದುಡ್ಡು ಇನ್ನೂ ಬಂದಿಲ್ಲ ಅಂತ ಲೆಕ್ಕ ನೋಡುವವರು ಒಬ್ಬರಿಗೆ ಖಾಸಗಿಯಾಗಿ ಬರೆದಿದ್ದರು. ಆ ಚಾಟ್‌ನ ಸ್ಕ್ರೀನ್‌ಶಾಟ್ ಗುಂಪಿಗೆ ಬಿತ್ತು. ಸಂಜೆಯೊಳಗೆ ಅದು ಬೇರೆ ಊರಿನ ನೆಂಟರ ಗುಂಪುಗಳಲ್ಲೂ ಓಡಾಡುತ್ತಿತ್ತು.

ಗುಂಪಿಗೆ ಒಂದು ನಿಯಮ ಹಾಕೋಣ ಅಂತ ಹುಡುಕುವಾಗ ಸಿಕ್ಕಿದ್ದು 1752ರ ಜನವರಿ 29ರ ಒಂದು ಒಪ್ಪಂದ. ಇಂಗ್ಲೆಂಡಿನಲ್ಲಿ ಮೆಥೊಡಿಸ್ಟ್ ಚಳವಳಿ ಶುರುಮಾಡಿದ ಜಾನ್ ವೆಸ್ಲಿ, ಅವರ ತಮ್ಮ ಚಾರ್ಲ್ಸ್ ವೆಸ್ಲಿ ಮತ್ತು ಜೊತೆ ಬೋಧಕರು ಸಹಿ ಹಾಕಿದ್ದು. ಆರು ನಿಯಮಗಳ ಸಾರ ಕ್ರಮವಾಗಿ ಇಷ್ಟು: ನಮ್ಮಲ್ಲಿ ಒಬ್ಬರ ಬಗ್ಗೆ ಕೆಟ್ಟ ಮಾತು ಕೇಳುವುದಿಲ್ಲ, ಕೆದಕಿ ವಿಚಾರಿಸುವುದೂ ಇಲ್ಲ. ಕಿವಿಗೆ ಬಿದ್ದರೂ ಥಟ್ಟನೆ ನಂಬುವುದಿಲ್ಲ. ಕೇಳಿದ್ದನ್ನು ಆದಷ್ಟು ಬೇಗ ಸಂಬಂಧಪಟ್ಟವರಿಗೇ ಹೇಳುತ್ತೇವೆ, ಇಲ್ಲವೇ ಬರೆಯುತ್ತೇವೆ. ಹಾಗೆ ಮಾಡುವ ತನಕ ಬೇರೆ ಯಾರ ಮುಂದೆಯೂ ಒಂದಕ್ಷರ ಎತ್ತುವುದಿಲ್ಲ. ಮಾಡಿದ ಮೇಲೂ ಎತ್ತುವುದಿಲ್ಲ. ಇದಕ್ಕೆ ವಿನಾಯಿತಿ ಇಲ್ಲ, ಮನಸ್ಸಾಕ್ಷಿ ಬಿಡಲೇ ಇಲ್ಲ ಅಂದರೆ ಮಾತ್ರ.

ಹಳೇ ಮೈಸೂರಿನ ನಮ್ಮ ಎಷ್ಟೋ ಸಭೆಗಳು 1947ರಲ್ಲಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆಗುವ ಮುಂಚೆ ವೆಸ್ಲಿಯನ್ ಮಿಷನ್ನಿನವೇ. ನಮ್ಮ ಮನೆತನದ ಕಾಗದವೇ ಅಂದುಕೊಂಡು ಗುಂಪಿನ ತಲೆಬರಹದಲ್ಲಿ ಹಾಕಿಬಿಡಲೇ? ಅಥವಾ ಬರೀ ಅಲಂಕಾರ ಆಗುತ್ತದಾ?

ಕರಾವಳಿಯವ

ಆರನೇದೊಂದು ಸಾಕು ಮಾರಾಯ್ರೆ, ಮೇಲಿನ ಐದನ್ನೂ ಮುಳುಗಿಸ್ಲಿಕ್ಕೆ. ನಮ್ಮ ಇಗರ್ಜಿಯಲ್ಲಿ ಎಲ್ಲರ ಮನಸ್ಸಾಕ್ಷಿಯೂ ಪೂಜೆ ಮುಗಿದು ಹೊರಗೆ ಬಂದ ಕೂಡಲೇ ಚುಚ್ಚಲು ಶುರು ಮಾಡ್ತದೆ.

ಟೆನರ್_ಸಾಲು

ನಗಬೇಡಿ, ಆ ಒಪ್ಪಂದಕ್ಕೆ ಹಿನ್ನೆಲೆ ಇದೆ. ಬೆಂಚಿನವರು ಹೇಳಿದ ಸ್ಕ್ರೀನ್‌ಶಾಟ್ ಕಥೆ ವೆಸ್ಲಿಗೂ ಆಗಿತ್ತು.

ವೆಸ್ಲಿ ಮತ್ತು ಜಾರ್ಜ್ ವೈಟ್‌ಫೀಲ್ಡ್ ಆಕ್ಸ್‌ಫರ್ಡ್ ಕಾಲದ ಸ್ನೇಹಿತರು. ಬಯಲಿನಲ್ಲಿ ನಿಂತು ಬೋಧಿಸಲು ವೆಸ್ಲಿಯನ್ನು ಬ್ರಿಸ್ಟಲ್‌ಗೆ ಕರೆಸಿದ್ದೇ ವೈಟ್‌ಫೀಲ್ಡ್. ಆಮೇಲೆ ದೇವರು ಕೆಲವರನ್ನಷ್ಟೇ ರಕ್ಷಣೆಗೆ ಆರಿಸಿದ್ದಾನೋ, ಕೃಪೆ ಎಲ್ಲರಿಗೂ ಇದೆಯೋ ಅನ್ನುವ ವಿಷಯದಲ್ಲಿ ಮುರಿದುಬಿತ್ತು. 1739ರಲ್ಲಿ ವೆಸ್ಲಿ ಕೃಪೆ ಎಲ್ಲರಿಗೂ ಇದೆ ಅಂತ ಒಂದು ಪ್ರಸಂಗ (ಉಪದೇಶ) ಮಾಡಿ ಅಚ್ಚು ಹಾಕಿಸಿದರು. ವೈಟ್‌ಫೀಲ್ಡ್ ಹೆಸರು ಎತ್ತಿರಲಿಲ್ಲ, ಆದರೆ ಯಾರಿಗೆ ಹೇಳಿದ್ದು ಅಂತ ಎಲ್ಲರಿಗೂ ಗೊತ್ತಿತ್ತು. ನಮ್ಮ ಸ್ಟೇಟಸ್‌ಗಳ ಹಾಗೆಯೇ.

ಈಗ ಮುಖ್ಯ ಭಾಗ. ವೈಟ್‌ಫೀಲ್ಡ್ ವೆಸ್ಲಿಗೆ ಬರೆದ ಖಾಸಗಿ ಪತ್ರವೊಂದು ಯಾರದೋ ಕೈಗೆ ಸಿಕ್ಕಿತು. ಬರೆದವರನ್ನೂ ಕೇಳಲಿಲ್ಲ, ಪಡೆದವರನ್ನೂ ಕೇಳಲಿಲ್ಲ, ಅಚ್ಚು ಹಾಕಿದರು. 1741ರ ಫೆಬ್ರವರಿ 1, ಭಾನುವಾರ. ಲಂಡನ್ನಿನಲ್ಲಿ ಹಳೇ ಫಿರಂಗಿ ಕಾರ್ಖಾನೆಯ ಕಟ್ಟಡದಲ್ಲಿ ವೆಸ್ಲಿಯವರ ಕೂಟ ನಡೆಯುತ್ತಿತ್ತು, ಫೌಂಡ್ರಿ ಅಂತಲೇ ಅದಕ್ಕೆ ಹೆಸರು. ಅದರ ಬಾಗಿಲಲ್ಲೂ ಒಳಗೂ ಆ ಪತ್ರದ ಪ್ರತಿಗಳನ್ನು ಹಂಚಿದರು. ವೆಸ್ಲಿಯೂ ಒಂದು ಪ್ರತಿ ತರಿಸಿಕೊಂಡರು. ಪ್ರಸಂಗ ಮುಗಿಸಿ, ನಡೆದದ್ದನ್ನು ನೇರವಾಗಿ ಜನರಿಗೆ ಹೇಳಿ, ವೈಟ್‌ಫೀಲ್ಡ್ ಇಲ್ಲಿದ್ದಿದ್ದರೆ ಏನು ಮಾಡುತ್ತಿದ್ದರೋ ನಾನು ಅದನ್ನೇ ಮಾಡುತ್ತೇನೆ ಅಂತ ಎಲ್ಲರೆದುರು ಹರಿದು ಹಾಕಿದರು. ಪ್ರತಿ ಹಿಡಿದಿದ್ದ ಪ್ರತಿಯೊಬ್ಬರೂ ಹರಿದರು. ಎರಡೇ ನಿಮಿಷದಲ್ಲಿ ಇಡೀ ಪ್ರತಿ ಒಂದೂ ಉಳಿಯಲಿಲ್ಲ ಅಂತ ಅವರ ದಿನಚರಿಯಲ್ಲಿದೆ.

ಪತ್ರದಲ್ಲಿ ಇದ್ದದ್ದು ಸುಳ್ಳು ಅಂತ ವೆಸ್ಲಿ ಹೇಳಲಿಲ್ಲ, ಅದಕ್ಕೆ ಉತ್ತರವನ್ನೂ ಕೊಡಲಿಲ್ಲ. ಆ ಕಾಗದ ಆ ಕೈಗಳಲ್ಲಿ ಇರತಕ್ಕದ್ದಲ್ಲ, ಅಷ್ಟೇ. ಗುಂಪಿಗೆ ಸ್ಕ್ರೀನ್‌ಶಾಟ್ ಬಿದ್ದಾಗ ನಮ್ಮವರೆಲ್ಲ ಮೊದಲು ಅದು ನಿಜವಾ ಸುಳ್ಳಾ ಅಂತ ಜಗಳಕ್ಕೆ ಇಳಿಯುತ್ತಾರೆ. ಹಂಚಿದ್ದು ಸರಿಯಾ ಅಂತ ಯಾರೂ ಕೇಳುವುದಿಲ್ಲ.

ಹಿಂದಿನ_ಬೆಂಚು

ಇದು ಗೊತ್ತಿರಲಿಲ್ಲ, ಚೆನ್ನಾಗಿದೆ. ಆದರೆ ಎರಡು ನಿಮಿಷದಲ್ಲಿ ಹರಿದದ್ದು ಕಾಗದ. ನಮ್ಮಲ್ಲಿ ನಾನು ಡಿಲೀಟ್ ಮಾಡುವಷ್ಟರಲ್ಲಿ ಅರ್ಧ ಜನ ಗ್ಯಾಲರಿಗೆ ಇಳಿಸಿಕೊಂಡಿರುತ್ತಾರೆ.

ಧಾರವಾಡ_ಮಣ್ಣು

ವೆಸ್ಲಿ ಸಾಹೇಬರನ್ನ ಸಂತನ ಪೀಠದ ಮ್ಯಾಲ ಕೂಡ್ರಸೋಕ್ಕಿಂತ ಮೊದಲ 1770ರ ಕಥಿನೂ ಹೇಳ್ರಿ. ಅಗಸ್ಟಸ್ ಟಾಪ್ಲೇಡಿ ಅನ್ನೋ ಪಾದ್ರಿ ದೇವರ ಆಯ್ಕೆ ಬಗ್ಗೆ ಒಂದು ದೊಡ್ಡ ಪುಸ್ತಕ ಅನುವಾದ ಮಾಡಿದ್ದ. ವೆಸ್ಲಿ ಅದನ್ನ ಕತ್ತರಿಸಿ ಸಣ್ಣ ಹೊತ್ತಗಿ ಮಾಡಿ, ಕಡೀಕೆ ತಾವ ಒಂದು ಪ್ಯಾರಾ ಸೇರಿಸಿದ್ರು: ಆರಿಸಲ್ಪಟ್ಟವರು ಏನ್ ಮಾಡಿದ್ರೂ ಉಳಿತಾರ, ಉಳಿದವರು ಏನ್ ಮಾಡಿದ್ರೂ ನಾಶ ಆಗ್ತಾರ, ಇದನ್ನ ನಂಬು ಇಲ್ಲಾ ನರಕಕ್ಕ ಹೋಗು ಅನ್ನೋ ಅರ್ಥದ ಮಾತು. ಅದರ ಕೆಳಗ ಟಾಪ್ಲೇಡಿ ಹೆಸರಿನ ಮೊದಲ ಅಕ್ಷರ ಹಾಕಿ ಸಹಿ! ಟಾಪ್ಲೇಡಿ ಅದನ್ನ ಬರದೇ ಇಲ್ಲ. ಫೇಕ್ ಸ್ಕ್ರೀನ್‌ಶಾಟ್ ಅಂದ್ರ ಇದಲ್ಲೇನ್ರಿ ಮತ್ತ? ಒಪ್ಪಂದಕ್ಕ ಸಹಿ ಹಾಕಿ ಹದಿನೆಂಟು ವರ್ಷ ಆಗಿತ್ತು.

ಟಾಪ್ಲೇಡಿನೂ ಏನ್ ಕಮ್ಮಿ ಇರಲಿಲ್ಲ ಬಿಡ್ರಿ. ಯುಗಯುಗದ ಬಂಡೆಯೊಳಗ ನನ್ನ ಅಡಗಿಸು ಅಂತ ಕಣ್ಣು ಮುಚ್ಚಿ ಹಾಡ್ತೀವಲ್ಲ, ಆ ಕೀರ್ತನಿ ಬರದ ಮನಿಷಾ. ವೆಸ್ಲಿನ್ನ ಮುದಿ ನರಿ ಅಂತ ಕರೆದು ಡಾಂಬರು ಬಳದು ಪುಕ್ಕ ಅಂಟಸೋ ತಲೆಬರಹದಾಗ ಹೊತ್ತಗಿ ಅಚ್ಚು ಹಾಕಿಸಿದ್ದ.

ಟೆನರ್_ಸಾಲು

ನಿಜ. ಆ ಪ್ಯಾರಾವನ್ನು ಸಮರ್ಥಿಸುವುದಕ್ಕೆ ಆಗುವುದಿಲ್ಲ. ಟಾಪ್ಲೇಡಿ ಅದನ್ನು ನೇರವಾಗಿ ಖೋಟಾ ಅಂತಲೇ ಕರೆದರು, ಸರಿಯಾಗಿಯೇ ಕರೆದರು. ಒಪ್ಪಂದ ಮಾಡಿದ್ದು ತಮ್ಮ ತಮ್ಮಲ್ಲಿ, ಟಾಪ್ಲೇಡಿ ಅದರ ಹೊರಗಿನವರು ಅನ್ನೋದು ಸಬೂಬಷ್ಟೇ.

ಅದೇ 1770ರ ಸೆಪ್ಟೆಂಬರ್ 30ರಂದು ಅಮೆರಿಕದ ನ್ಯೂಬರಿಪೋರ್ಟ್‌ನಲ್ಲಿ ವೈಟ್‌ಫೀಲ್ಡ್ ತೀರಿಕೊಂಡರು. ನವೆಂಬರ್ 18ಕ್ಕೆ ಲಂಡನ್ನಿನಲ್ಲಿ ಅವರ ಸ್ಮರಣೆಯ ಪ್ರಸಂಗ ಮಾಡಿದ್ದು ವೆಸ್ಲಿ. ಮಧ್ಯದಲ್ಲಿ ಏನೆಲ್ಲ ಆಗಿತ್ತು ಅಂದರೆ, ವೆಸ್ಲಿ 1739ರ ಆ ಪ್ರಸಂಗ ಅಚ್ಚು ಹಾಕುವುದೋ ಬೇಡವೋ ಅಂತ ಚೀಟಿ ಎತ್ತಿದ್ದನ್ನು ವೈಟ್‌ಫೀಲ್ಡ್ 1741ರಲ್ಲಿ ಅಚ್ಚಿನಲ್ಲೇ ಬಯಲು ಮಾಡಿದ್ದರು. ಸ್ನೇಹಿತನ ಗುಟ್ಟು. ಆಮೇಲೆ ಕ್ಷಮೆ ಕೇಳಿದರು. ವಾದ ಕೊನೆವರೆಗೂ ತೀರಲಿಲ್ಲ, ಇಬ್ಬರೂ ತಮ್ಮ ಅಭಿಪ್ರಾಯ ಬಿಡಲಿಲ್ಲ.

ಕರಾವಳಿಯವ

ಅಚ್ಚು ಹಾಕುವುದಾ ಬೇಡವಾ ಅಂತ ಚೀಟಿ ಎತ್ತಿದ್ದಾ! ನಾವು ಅಷ್ಟೂ ಮಾಡುವುದಿಲ್ಲ, ಸೀದಾ ಸೆಂಡ್.

ಕಥೋಲಿಕರ ಕಡೆಯಿಂದ ಒಂದು ಸೇರಿಸ್ತೇನೆ. ಸುಳ್ಳುಸಾಕ್ಷಿ ಬೇಡ ಅನ್ನುವ ಆಜ್ಞೆ ನಿಮ್ಮ ಲೆಕ್ಕದಲ್ಲಿ ಒಂಬತ್ತನೇದು, ನಮ್ಮಲ್ಲಿ ಎಂಟನೇದು. ಅದರ ಕೆಳಗೆ ನಮ್ಮ ಧರ್ಮೋಪದೇಶದ 2477ನೇ ಕಂಡಿಕೆಯಲ್ಲಿ ಮೂರು ಪಾಪ ಬೇರೆ ಬೇರೆ ಉಂಟು. ಆಧಾರ ಸಾಲದೆ ಒಬ್ಬರನ್ನು ತಪ್ಪಿತಸ್ಥ ಅಂತ ಮನಸ್ಸಿನಲ್ಲಿ ತೀರ್ಮಾನ ಮಾಡುವುದು ಒಂದು. ಸುಳ್ಳು ಹೇಳಿ ಹೆಸರು ಕೆಡಿಸುವುದು ಇನ್ನೊಂದು. ಇವೆರಡು ಎಲ್ಲರಿಗೂ ಗೊತ್ತು. ಮೂರನೇದೇ ನಮ್ಮ ಜನರಿಗೆ ನುಂಗ್ಲಿಕ್ಕೆ ಕಷ್ಟ: ನಿಜವಾದ ತಪ್ಪನ್ನೇ, ತಕ್ಕ ಕಾರಣ ಇಲ್ಲದೆ, ಗೊತ್ತಿಲ್ಲದವರಿಗೆ ಗೊತ್ತು ಮಾಡುವುದು. "ಇದ್ದದ್ದನ್ನೇ ಹೇಳಿದೆ, ಅದರಲ್ಲಿ ಎಂತ ತಪ್ಪು" ಅಂತ ಕೇಳುವವರಿಗೆ ಉತ್ತರ ಅಲ್ಲೇ ಉಂಟು.

ಪೋಪ್ ಫ್ರಾನ್ಸಿಸ್ 2020ರ ಸೆಪ್ಟೆಂಬರ್ 6ರಂದು, ಜಗತ್ತೆಲ್ಲ ಮಾಸ್ಕ್ ಹಾಕಿಕೊಂಡಿದ್ದಾಗ, ಚಾಡಿ ಕೋವಿಡ್‌ಗಿಂತ ಕೆಟ್ಟ ಪಿಡುಗು ಅಂದುಬಿಟ್ಟರು. ಅವತ್ತಿನ ವಾಚನ ಮತ್ತಾಯ 18. ನಿನ್ನ ಸಹೋದರ ತಪ್ಪು ಮಾಡಿದರೆ ಮೊದಲು ನೀವಿಬ್ಬರೇ ಇರುವಾಗ ಹೋಗಿ ಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ತಿಳಿಸು ಅನ್ನುವ ಭಾಗ. ನಾವು ಅದನ್ನು ತಲೆಕೆಳಗು ಮಾಡಿದ್ದೇವೆ: ಮೊದಲು ಸಭೆಗೆ, ಮತ್ತೆ ಇಬ್ಬರು ಮೂವರಿಗೆ, ಕಡೆಗೆ ಅವನಿಗೆ, ಅದೂ ಅವನೇ ಫೋನ್ ಮಾಡಿ ಕೇಳಿದರೆ.

ಸುಮ್ನೆ_ಓದುವವಳು

ಬಹಳ ದಿನದಿಂದ ಇಲ್ಲಿ ಬರೀ ಓದುತ್ತಿದ್ದೆ, ಇವತ್ತು ಬರೆಯಬೇಕು ಅನ್ನಿಸಿತು.

ಮತ್ತಾಯ 18 ಅಂದಕೂಡಲೇ ನನಗೆ ನೆನಪಾಗುವುದು ಅದನ್ನು ಹೆಂಗಸರ ಬಾಯಿ ಮುಚ್ಚಿಸಲು ಬಳಸಿದ್ದು. ನನಗೆ ಹತ್ತಿರದವಳೊಬ್ಬಳು ತನ್ನ ಮೇಲಾದ ಕಿರುಕುಳವನ್ನು ಹೇಳಿಕೊಂಡಾಗ ಹಿರಿಯರೊಬ್ಬರು ಕೇಳಿದ ಮೊದಲ ಪ್ರಶ್ನೆ: "ನೀನು ಮೊದಲು ಅವರ ಹತ್ತಿರ ಒಬ್ಬಳೇ ಹೋಗಿ ಮಾತಾಡಿದೆಯಾ?" ಯಾರ ಹತ್ತಿರ ಒಬ್ಬಳೇ ಇರಲು ಹೆದರುತ್ತಾಳೋ ಅವರ ಹತ್ತಿರ! ವೆಸ್ಲಿಯ ಕಾಗದಕ್ಕೆ ಸಹಿ ಹಾಕಿದವರೆಲ್ಲ ಗಂಡಸರು, ಬೋಧಕರು, ಹೆಚ್ಚೂಕಮ್ಮಿ ಸರೀಕರು. ಸರೀಕರ ನಡುವೆ ಚೆನ್ನಾಗಿ ನಡೆಯುವ ನಿಯಮ ಮೇಲಿನವರು ಕೆಳಗಿನವರು ಇರುವಲ್ಲಿ ಬೀಗವಾಗುತ್ತದೆ. ಗುಂಪಿನ ತಲೆಬರಹದಲ್ಲಿ ಅದನ್ನು ಹಾಗೇ ಹಾಕಿದರೆ ಯಾರು ಮೊದಲು ಸುಮ್ಮನಾಗುತ್ತಾರೆ ಅಂತ ಯೋಚಿಸಿ. ಚಾಡಿ ಹೇಳುವವರಂತೂ ಅಲ್ಲ.

ಇನ್ನೊಂದು. ಪುಣ್ಯದ ರೂಪದಲ್ಲಿ ಬರುವ ಚಾಡಿಗೆ ನಿಯಮ ಏನು? "ಸಹೋದರಿ ಇಂಥವರ ಮಗಳಿಗಾಗಿ ಪ್ರಾರ್ಥಿಸಿ, ಅನ್ಯರ ಹುಡುಗನ ಜೊತೆ ಸ್ನೇಹದಲ್ಲಿದ್ದಾಳೆ, ದೇವರು ಬಿಡುಗಡೆ ಕೊಡಲಿ." ಕೆಳಗೆ ನಲವತ್ತು ಕೈಮುಗಿದ ಚಿಹ್ನೆಗಳು. ಆ ತಾಯಿ ಅದೇ ಗುಂಪಿನಲ್ಲಿ ಕೂತು ಓದುತ್ತಿರುತ್ತಾಳೆ.

ಧಾರವಾಡ_ಮಣ್ಣು

ಅಕ್ಕಾರ, ಕೈ ಮುಗದ ಚಿಹ್ನೆ ಅಂದ್ರಿ ನೋಡ್ರಿ, ಕಣ್ಣಿಗೆ ಕಟ್ಟಿದಂಗಾತು.

ಟೆನರ್_ಸಾಲು

ಸುಮ್ನೆ ಓದುವವರು ಹೇಳಿದ್ದಕ್ಕೆ ನಿಯಮದಲ್ಲಿ ಉತ್ತರ ಇಲ್ಲ, ಆದರೆ ಪರನಿಂದೆಯ ಬಗ್ಗೆ ವೆಸ್ಲಿ ಮಾಡಿದ ಪ್ರಸಂಗದಲ್ಲಿ ಇದೆ. ಮತ್ತಾಯ 18ರ ಮೇಲೆಯೇ ಮಾಡಿದ್ದು. ಕರಾವಳಿಯವರು ಹೇಳಿದ ಮಾತೇ ಅಲ್ಲೂ ಇದೆ: ಒಬ್ಬ ಕುಡಿದಿದ್ದು ನಿಜವೇ ಇರಲಿ, ಅವನಿಲ್ಲದಾಗ ಅದನ್ನು ಎತ್ತಿ ಆಡಿದರೆ ಅದು ಪರನಿಂದೆ. ಆದರೆ ಒಂದು ಕಡೆ ಅವರೇ ಬಾಗಿಲು ತೆರೆಯುತ್ತಾರೆ. ನಿರಪರಾಧಿಯನ್ನು ಉಳಿಸಲು ತಪ್ಪಿತಸ್ಥನ ಹೆಸರನ್ನು ಅವನಿಲ್ಲದಾಗಲೂ ಹೇಳಲೇಬೇಕಾದ ಸಂದರ್ಭ ಬರಬಹುದು. ಒಬ್ಬನ ಪ್ರಾಣಕ್ಕೋ ಸೊತ್ತಿಗೋ ಯಾರೋ ಹೊಂಚು ಹಾಕಿದ್ದು ಗೊತ್ತಾದರೆ ಮೊದಲು ಹೊಂಚು ಹಾಕಿದವನ ಬಳಿ ಹೋಗುತ್ತಾ ಕೂರಬೇಡ, ತಡಮಾಡದೆ ತಿಳಿಸು ಅನ್ನುವ ಅರ್ಥದ ಮಾತು. ಆರನೇ ನಿಯಮದ ಮನಸ್ಸಾಕ್ಷಿಯನ್ನು ನಾನು ಇದರ ಜೊತೆಗೇ ಓದುತ್ತೇನೆ.

ಸಾರ್ವಜನಿಕ ಅನ್ಯಾಯದ ವಿಷಯದಲ್ಲಂತೂ ಅವರು ನಾಲಿಗೆಗೆ ಕಡಿವಾಣ ಹಾಕಲಿಲ್ಲ. ಗುಲಾಮರ ವ್ಯಾಪಾರದ ವಿರುದ್ಧ 1774ರಲ್ಲಿ ಹೊತ್ತಗೆ ಬರೆದು ವ್ಯಾಪಾರಿಗಳನ್ನೂ ಹಡಗಿನ ಕಪ್ತಾನರನ್ನೂ ಉದ್ದೇಶಿಸಿಯೇ ಮಾತಾಡಿದರು. 1791ರ ಫೆಬ್ರವರಿ 24ರಂದು ಅದೇ ವಿಷಯಕ್ಕೆ, ಆ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿನಲ್ಲಿ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸ್‌ಗೆ ಪತ್ರ ಬರೆದರು, ಮಾರ್ಚ್ 2ಕ್ಕೆ ತೀರಿಕೊಂಡರು.

ಕಪ್ಪು_ಕೋಟು

ಮಕ್ಕಳ ವಿಷಯವಾದರೆ ಇಲ್ಲಿ ದೇವಶಾಸ್ತ್ರದ ಚರ್ಚೆಗೆ ಜಾಗವೇ ಇಲ್ಲ, ಕಾನೂನು ಸ್ಪಷ್ಟ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಥವಾ ನಡೆಯುವ ಸಂಭವ ಇದೆ ಅಂತ ಗೊತ್ತಿರುವ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ಪಾಸ್ಟರ್, ಹಿರಿಯರು, ಸಂಡೇ ಸ್ಕೂಲ್ ಟೀಚರ್ ಎಲ್ಲರೂ ಸೇರಿ. ಮುಚ್ಚಿಟ್ಟರೆ 21ನೇ ಕಲಂನಲ್ಲಿ ಶಿಕ್ಷೆ ಇದೆ. ಮಕ್ಕಳ ಸಹಾಯವಾಣಿ 1098. "ಮೊದಲು ಸಭೆಯೊಳಗೆ ನೋಡಿಕೊಳ್ಳೋಣ" ಅನ್ನುವ ಮಾತೇ ಅಪರಾಧಕ್ಕೆ ದಾರಿ. ಅದೇ ಹೊತ್ತಿಗೆ ಮಗುವಿನ ಹೆಸರು, ಫೋಟೊ, ಮನೆ, ಶಾಲೆ ಯಾವುದನ್ನೂ ಗುಂಪಿಗೆ ಹಾಕುವಂತಿಲ್ಲ, ಅದೂ ಅಪರಾಧವೇ. ಠಾಣೆಗೆ ಹೇಳಿ, ಗುಂಪಿಗೆ ಹೇಳಬೇಡಿ.

ಕಥೋಲಿಕರಲ್ಲೂ 2019ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ಆದೇಶದಿಂದ ಗುರುಗಳೂ ಸಿಸ್ಟರ್‌ಗಳೂ ಇಂಥದ್ದನ್ನು ಮೇಲಿನವರಿಗೆ ವರದಿ ಮಾಡಲೇಬೇಕು. ಅದು ಸಭೆಯ ಒಳಗಿನ ಕಟ್ಟಳೆ, ಪೊಲೀಸರಿಗೆ ಹೇಳಬೇಕಾದ್ದು ಬೇರೆಯೇ.

ಸುಮ್ನೆ_ಓದುವವಳು

"ಠಾಣೆಗೆ ಹೇಳಿ, ಗುಂಪಿಗೆ ಹೇಳಬೇಡಿ." ಈ ಸಾಲನ್ನು ಆರು ನಿಯಮಗಳಿಗಿಂತ ಮೇಲೆ ಹಾಕಿದರೆ ನನ್ನ ತಕರಾರು ಇಲ್ಲ. ಕೆಳಗೆ ಹಾಕಿದರೆ ಇದೆ.

ಮಸ್ಕತ್_ಶುಕ್ರವಾರ

ನಮ್ಮ ಕೂಟ ಶುಕ್ರವಾರ, ಆದ್ದರಿಂದ ನಮ್ಮ ಜಗಳ ಶನಿವಾರ. ಮರುಭೂಮಿಯಲ್ಲಿ ಕೂತಿರುವುದರಿಂದ ಮರುಭೂಮಿಯ ಹಿರಿಯರ ಮಾತು ಹೇಳುವ ಹಕ್ಕು ನನಗಿದೆ. ನಾಲ್ಕನೇ ಶತಮಾನದ ಈಜಿಪ್ಟಿನ ಅಬ್ಬಾ ಅಗಾಥೋನ್ ಮೌನ ಕಲಿಯಲು ಮೂರು ವರ್ಷ ಬಾಯಲ್ಲಿ ಕಲ್ಲು ಇಟ್ಟುಕೊಂಡಿದ್ದರಂತೆ. ಅಬ್ಬಾ ಪಂಬೋ ಅವರನ್ನು ನೋಡಲು ಅಲೆಕ್ಸಾಂಡ್ರಿಯದ ಮಹಾಧರ್ಮಾಧ್ಯಕ್ಷರು ಬಂದಾಗ ಜೊತೆಯವರು ಒಂದು ಒಳ್ಳೆಯ ಮಾತು ಹೇಳಿ ಅಂತ ಒತ್ತಾಯಿಸಿದರು. ನನ್ನ ಮೌನದಿಂದ ಅವರಿಗೆ ಪ್ರಯೋಜನ ಆಗದಿದ್ದರೆ ಮಾತಿನಿಂದಲೂ ಆಗದು ಅಂದರಂತೆ.

ಕರಾವಳಿಯವ

ಬಾಯಲ್ಲಿ ಕಲ್ಲು ಇಟ್ಟರೂ ಹೆಬ್ಬೆರಳು ಖಾಲಿ ಉಂಟಲ್ಲ.

ಮಸ್ಕತ್_ಶುಕ್ರವಾರ

ಅದಕ್ಕೇ ನಮ್ಮ ಗುಂಪಿನಲ್ಲಿ ರಾತ್ರಿ ಪ್ರಾರ್ಥನೆ ಆದಮೇಲೆ ಬೆಳಗಿನವರೆಗೆ ಅಡ್ಮಿನ್ ಮಾತ್ರ ಬರೆಯುವಂತೆ ಬದಲಾಯಿಸುತ್ತೇವೆ. ಬೆನೆಡಿಕ್ಟರ ನಿಯಮದ 42ನೇ ಅಧ್ಯಾಯದಲ್ಲಿ ಇರುವುದೂ ಅದೇ: ದಿನದ ಕೊನೆಯ ಪ್ರಾರ್ಥನೆ ಮುಗಿದ ಮೇಲೆ ಯಾರೂ ಮಾತಾಡಬಾರದು, ಅತಿಥಿ ಬಂದರೆ ಅಥವಾ ಮಠಾಧಿಪತಿ ಏನಾದರೂ ಹೇಳಿದರೆ ಮಾತ್ರ. ಆರನೇ ಶತಮಾನದ ಮಠದ ಕಟ್ಟಳೆ ವಾಟ್ಸಾಪ್‌ನ ಒಂದು ಸೆಟ್ಟಿಂಗ್‌ನಲ್ಲಿ ಕೂರುತ್ತದೆ ಅಂತ ನಾನಂತೂ ಅಂದುಕೊಂಡಿರಲಿಲ್ಲ. ಡ್ಯೂಟಿ ಮುಗಿಸಿ ಸುಸ್ತಾಗಿ ಬಂದು ರಾತ್ರಿ ಹನ್ನೊಂದಕ್ಕೆ ಬರೆಯುವ ಮೆಸೇಜ್‌ಗಳೇ ನಮ್ಮಲ್ಲಿ ಬೆಂಕಿ ಹಚ್ಚುತ್ತಿದ್ದದ್ದು. ಬೆಳಿಗ್ಗೆ ಅದನ್ನೇ ಬರೆಯುವವರು ಬಹಳ ಕಡಿಮೆ.

ತುಮಕೂರು_ತೆಂಗು

ನಾನು ಕ್ರೈಸ್ತನಲ್ಲ, ಸುಮ್ಮನೆ ಓದುತ್ತಾ ಇಲ್ಲಿಗೆ ಬಂದೆ. ಒಳಗಿನವರ ಬಗ್ಗೆ ಇಷ್ಟು ಮಾತಾಡಿದಿರಿ, ಹೊರಗಿನವರು ನಿಮ್ಮ ಧರ್ಮವನ್ನು ಕಾಮೆಂಟ್‌ನಲ್ಲಿ ಬೈದಾಗ ಏನು ಮಾಡುತ್ತೀರಿ? ಕೆನ್ನೆ ತೋರಿಸುವುದಾ? ನಮ್ಮಲ್ಲೂ ಇದೇ ಸಮಸ್ಯೆ, ಅದಕ್ಕೆ ಕೇಳಿದೆ.

ಟೆನರ್_ಸಾಲು

ಮೂರೂ ಮಾದರಿ ಸುವಾರ್ತೆಯಲ್ಲೇ ಇವೆ ಸರ್. ಪಿಲಾತನ ಮುಂದೆ ಆರೋಪ ಮಾಡಿದಾಗ ಯೇಸು ಒಂದಕ್ಕೂ ಉತ್ತರ ಕೊಡಲಿಲ್ಲ, ಅಧಿಪತಿಗೇ ಆಶ್ಚರ್ಯವಾಯಿತು. ಮಹಾಯಾಜಕನ ಮುಂದೆ ಚಾಕರನೊಬ್ಬ ಕೆನ್ನೆಗೆ ಹೊಡೆದಾಗ ಸುಮ್ಮನಿರಲಿಲ್ಲ: ನಾನು ತಪ್ಪು ಮಾತಾಡಿದ್ದರೆ ತಪ್ಪು ಏನು ಹೇಳು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಅಂತ ಕೇಳಿದರು. ಯೋಹಾನ 18:23. ಫರಿಸಾಯರಿಗೆ ಮುಖದ ಮೇಲೆಯೇ ಕಪಟಿಗಳೇ ಅಂದರು. ಯಾವುದನ್ನು ಎಲ್ಲಿ ಅನ್ನೋದು ನಮಗೆ ಬಿಟ್ಟಿದ್ದು. ನಮ್ಮ ಯುವಕರಿಗೆ ನಾನು ಹೇಳುವುದು ಎರಡನೆಯದನ್ನು. ಬೈಗುಳವಲ್ಲ, ಪ್ರಶ್ನೆ. ಅದೂ ಒಂದೇ ಸಲ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸೌಮ್ಯವಾಗಿ ಅಂತ ಪೇತ್ರ ಬರೆದಿದ್ದಾನೆ. ನಮ್ಮವರು ಮೊದಲರ್ಧ ಬಾಯಿಪಾಠ ಮಾಡಿದ್ದಾರೆ.

ತುಮಕೂರು_ತೆಂಗು

ಒಂದೇ ಸಲ ಅನ್ನೋದು ಹಿಡಿಸಿತು. ನಮ್ಮ ಗುಂಪಿನಲ್ಲೂ ಹೇಳಿ ನೋಡುತ್ತೇನೆ.

ಧಾರವಾಡ_ಮಣ್ಣು

ಒಂದೇ ಸಲ ಅಂದ್ರ ಕೊನೀ ಮಾತು ಅವರದಾಗತೈತಿ. ಅದನ್ನ ಸಹಿಸೋದ ಖರೇ ಕಷ್ಟ, ಬೈಗುಳಾ ಸಹಿಸೋದಲ್ಲ.

ನಮ್ಮ ಬಾಸೆಲ್ ಮಿಷನ್ ಕಡೀದು ಒಂದು. ಜರ್ಮನಿಯ ಸುಧಾರಕ ಲೂಥರ್ 1529ರಾಗ ಬರದ ಸಣ್ಣ ಧರ್ಮಬೋಧಿನಿಯೊಳಗ ಸುಳ್ಳುಸಾಕ್ಷಿ ಬ್ಯಾಡ ಅನ್ನೋ ಆಜ್ಞೆಗೆ ಅರ್ಥ ಹೇಳ್ಯಾನ: ನೆರೆಯವನ ಬಗ್ಗೆ ಸುಳ್ಳು ಹೇಳಬ್ಯಾಡ ಅಷ್ಟ ಅಲ್ಲ, ಅವನ ಪರವಾಗಿ ಮಾತಾಡು, ಅವನ ಮಾತು ಕೃತಿ ಎಲ್ಲಾನೂ ಆದಷ್ಟು ಒಳ್ಳೇ ಅರ್ಥದಾಗ ತಗೊ. ಎಷ್ಟ ಚೊಲೊ ಐತಿ ನೋಡ್ರಿ. ಅದೇ ಕೈ 1543ರಾಗ ಯೆಹೂದ್ಯರ ವಿರುದ್ಧ ಅವರ ಸಭಾಮಂದಿರ ಸುಡ್ರಿ ಅಂತ ಬರೀತು. ನಾನ್ನೂರು ವರ್ಷ ಆದಮ್ಯಾಲ ನಾಜಿಗಳು ಅದನ್ನ ಹೊರಗ ತಗದು ತೋರಿಸಿದ್ರು. ಬರದವ ಸತ್ತ ಮ್ಯಾಲೂ ಬರದದ್ದು ಫಾರ್ವರ್ಡ್ ಆಗತಿರತೈತಿ.

ಹಿಂದಿನ_ಬೆಂಚು

ಎಲ್ಲರಿಗೂ ವಂದನೆ. ಓದಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ, ಪಾಸ್ಟರೇಟ್ ಕಮಿಟಿ ಮುಂದೆ ಇಡುತ್ತೇನೆ. ಮೇಲ್ಗಡೆ ಕಪ್ಪು ಕೋಟಿನವರ ಸಾಲು, 1098ರ ಜೊತೆ. ಅದರ ಕೆಳಗೆ ವೆಸ್ಲಿಯ ಮೂರು ಮತ್ತು ನಾಲ್ಕು ಮಾತ್ರ: ಸಂಬಂಧಪಟ್ಟವರಿಗೆ ಹೇಳುವ ಮೊದಲು ಇಲ್ಲಿ ಹಾಕಬೇಡಿ. ಖಾಸಗಿ ಚಾಟ್‌ನ ಸ್ಕ್ರೀನ್‌ಶಾಟ್ ಬಂದರೆ ನಿಜವೋ ಸುಳ್ಳೋ ನೋಡದೆ ತೆಗೆಯುತ್ತೇವೆ. ಲೆಕ್ಕದ ಪ್ರಶ್ನೆ ಇದ್ದರೆ ಕಮಿಟಿಗೆ ಬರವಣಿಗೆಯಲ್ಲಿ ಕೊಡಿ, ಉತ್ತರವನ್ನು ಎಲ್ಲರಿಗೂ ಓದುತ್ತೇವೆ. ಸಭೆಯ ದುಡ್ಡು ಯಾರ ಖಾಸಗಿ ವಿಷಯವೂ ಅಲ್ಲ. ಅದನ್ನು ಕೇಳುವವರನ್ನು ಚಾಡಿಕೋರರು ಅನ್ನುವಂತಿಲ್ಲ.

ಐದನೇದನ್ನು ಬಿಟ್ಟೆ. ಹೇಳಿ ಮುಗಿಸಿದ ಮೇಲೂ ಯಾರ ಹತ್ತಿರವೂ ಎತ್ತಬಾರದು ಅಂದರೆ, ಅವರು ಕೇಳದೇ ಹೋದರೆ? ಮತ್ತಾಯದಲ್ಲಿ ಮುಂದಿನ ಮೆಟ್ಟಿಲು ಇದೆ, ಈ ನಿಯಮದಲ್ಲಿ ಕಾಣಲಿಲ್ಲ.

ಟೆನರ್_ಸಾಲು

ಐದನ್ನು ಬಿಡಬೇಡಿ ಅನ್ನುತ್ತೇನೆ. ಎಲ್ಲ ಸರಿಹೋದ ಮೇಲೂ ಹಳೇ ಕಥೆ ಎತ್ತುವವರಿಗಾಗಿ ಇರುವ ನಿಯಮ ಅದು. ಸರಿಹೋಗದಿದ್ದರೆ ಮತ್ತಾಯ ಇದ್ದೇ ಇದೆ.

ಹಿಂದಿನ_ಬೆಂಚು

"ಸರಿಹೋದ ಮೇಲೆ" ಅಂತ ಸೇರಿಸಿದರೆ ಒಪ್ಪುತ್ತೀರಾ?

ಟೆನರ್_ಸಾಲು

ಸರಿಹೋಯಿತು ಅಂತ ಹೇಳುವವರು ಯಾರು, ಮಾಡಿದವರೋ ನೊಂದವರೋ?

ಸುಮ್ನೆ_ಓದುವವಳು

ನೊಂದವರು. ಅದನ್ನೂ ಬರೆದುಬಿಡಿ. ಪ್ರಾರ್ಥನಾ ವಿನಂತಿಗೆ ಏನು ಮಾಡಿದಿರಿ?

ಹಿಂದಿನ_ಬೆಂಚು

ಅದಕ್ಕೆ ಬೇರೆ ಗುಂಪು ಮಾಡೋಣ ಅಂತ ಇದ್ದೇನೆ.

ಕರಾವಳಿಯವ

ಬೇರೆ ಗುಂಪು ಮಾಡಿದರೆ ಚಾಡಿ ಅಲ್ಲಿಗೆ ಮನೆ ಬದಲಾಯಿಸ್ತದೆ ಅಷ್ಟೇ ಮಾರಾಯ್ರೆ. ಯಾರ ಹೆಸರು ಹಾಕ್ತೀರೋ ಅವರ ಒಪ್ಪಿಗೆ ತಗೊಂಡು ಹಾಕಿ. ನಮ್ಮ ವಾಳೆಯಲ್ಲಿ (ಇಗರ್ಜಿಯ ವಾರ್ಡಿನಲ್ಲಿ) ಹಾಗೆ ಮಾಡಿದ ಮೇಲೆ ವಿನಂತಿಗಳು ಅರ್ಧಕ್ಕೆ ಇಳಿದವು, ಉಳಿದದ್ದೆಲ್ಲ ಮಂಡಿನೋವು ಮತ್ತೆ ವೀಸಾ.